ಬೈಯುವ ಮನೆ, ‘ಬರ್ರಿ’ ಎನ್ನುವ ಮನೆ

ಪಕ್ಷದ ಜಿಲ್ಲಾ ಕಚೇರಿಯ ಕಾರ್ಯದರ್ಶಿ ಎಂದರೆ ಬೀಗದ ಕೈ ಇಟ್ಟುಕೊಂಡವನು ಎಂದೇ ಅರ್ಥ. ಬೆಳಿಗ್ಗೆ ಬಾಗಿಲು ತೆರೆಯಬೇಕು, ಬಂದವರಿಗೆ ಚಹಾ ಹೇಳಬೇಕು, ನಾಯಕರು ಬರುತ್ತಾರೆಂದರೆ ಕುರ್ಚಿ ಜೋಡಿಸಬೇಕು, ಬರಲಿಲ್ಲವೆಂದರೆ ಅದೇ ಕುರ್ಚಿ ಎತ್ತಿಡಬೇಕು. ಕೊಪ್ಪಳದಲ್ಲಿ ಈ ಕೆಲಸವನ್ನು ತಲೆ ಕಪ್ಪಗಿದ್ದಾಗ ಹಿಡಿದು ಬೆಳ್ಳಗಾದ ಮೇಲೆ ಬಿಟ್ಟೆ. ಈಗ ನನ್ನ ಜಾಗಕ್ಕೆ ಬಂದಿರುವ ಹುಡುಗರು ಓದಿದವರು, ಒಳ್ಳೆಯವರು. ಮೊನ್ನೆ ಮನೆಗೆ ಬಂದು, ಸೋತ ಮೇಲೆ ಪಕ್ಷವನ್ನು ಮತ್ತೆ ಕಟ್ಟುವುದು ಹೇಗೆ, ಟಿಕೆಟ್ ಯಾರಿಗೆ ಕೊಡಬೇಕು, ನಿಮ್ಮ ಅನುಭವ ಬರೆದುಕೊಡಿ ಎಂದು ಕೇಳಿದರು. ಗೆದ್ದ ಕಥೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಚೆನ್ನಾಗಿ ಗೊತ್ತಿರುವುದು ಸೋಲು. ಅದನ್ನೇ ಬರೆಯುತ್ತೇನೆ.

ಪಕ್ಷದ ಹೆಸರು ಹೇಳುವುದಿಲ್ಲ. ಯಾವ ಪಕ್ಷದ ಕಚೇರಿಯಲ್ಲಿದ್ದರೂ ಇದೇ ಕಥೆ ಇರುತ್ತಿತ್ತು. ಊರಿನ ಹೆಸರನ್ನೂ ಹೇಳುವುದಿಲ್ಲ. ಯಲಬುರ್ಗಾ ಮತ್ತು ಕುಷ್ಟಗಿ ತಾಲ್ಲೂಕುಗಳ ನಡುವಿನ ಕೆಂಪು ಮಣ್ಣಿನ ಸೀಮೆ, ಶೇಂಗಾ, ಸಜ್ಜೆ ಬೆಳೆಯುವ ಊರು, ಒಂದು ಜಿಲ್ಲಾ ಪಂಚಾಯಿತಿ ಕ್ಷೇತ್ರದ ದೊಡ್ಡ ಹಳ್ಳಿ ಎಂದಷ್ಟು ತಿಳಿದರೆ ಸಾಕು. ಹೆಸರು ಬರೆದರೆ ಸಂತೆಯಲ್ಲಿ ಸಿಕ್ಕವರಿಗೆ ಮುಖ ತೋರಿಸುವುದು ಕಷ್ಟ.

ಒಂದು ಸಲ ಜಿಲ್ಲಾ ಪಂಚಾಯಿತಿ ಚುನಾವಣೆಯಲ್ಲಿ ನಾವು ಜಿಲ್ಲೆಯಲ್ಲೆಲ್ಲ ಮಕಾಡೆ ಬಿದ್ದೆವು. ಎಣಿಕೆಯ ದಿನ ಮಧ್ಯಾಹ್ನದ ಹೊತ್ತಿಗೇ ಕಚೇರಿ ಖಾಲಿಯಾಯಿತು. ಬೆಳಿಗ್ಗೆ ಪಟಾಕಿಯ ಡಬ್ಬಿ ತಂದಿಟ್ಟವರು ಅದನ್ನು ಅಲ್ಲೇ ಬಿಟ್ಟು ಹೋದರು. ವಾರ ಕಳೆದ ಮೇಲೆ ಆತ್ಮಾವಲೋಕನ ಸಭೆ ಕರೆದೆವು. ಹೊಸಬರಿಗೆ ಹೇಳುತ್ತೇನೆ, ಆ ಸಭೆಯಲ್ಲಿ ಎಲ್ಲವೂ ಇರುತ್ತದೆ, ಆತ್ಮವೊಂದನ್ನು ಬಿಟ್ಟು. ಒಬ್ಬರು ಜಾತಿ ಲೆಕ್ಕ ಹೇಳಿದರು, ಒಬ್ಬರು ಮತಯಂತ್ರದ ಮೇಲೆ ತಪ್ಪು ಹಾಕಿದರು, ಇನ್ನೊಬ್ಬರು ನಮ್ಮೊಳಗೇ ದ್ರೋಹಿಗಳಿದ್ದಾರೆ ಎಂದು ಎದುರಿಗೆ ಕೂತವನನ್ನೇ ನೋಡಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸೋತ ಅಭ್ಯರ್ಥಿಗಳನ್ನೇ ವೇದಿಕೆಯ ಮೇಲೆ ಕೂರಿಸಿ, ಹಾರ ಹಾಕಿ, ಯಾಕೆ ಸೋತಿರಿ ಎಂದು ಕೇಳಿದರೆ ಇನ್ನೇನು ಉತ್ತರ ಬರುತ್ತದೆ? ಆ ಹಾರ ತಂದವನು ನಾನೇ. ನಮ್ಮ ಕಡೆ ಮರ್ಯಾದೆ ಎಂಬುದು ಅಭ್ಯಾಸ, ಯೋಚನೆಗಿಂತ ಮೊದಲೇ ಕೈ ನಡೆದುಬಿಡುತ್ತದೆ.

ಈ ಮರ್ಯಾದೆಯ ವಿಷಯಕ್ಕೇ ಬರುತ್ತೇನೆ, ನನ್ನ ಕಥೆ ಅದೇ.

ಆ ಚುನಾವಣೆಗೆ ಮೊದಲು ಮೇಲಿನಿಂದ ಒಬ್ಬ ವೀಕ್ಷಕರು ಬಂದಿದ್ದರು. ಮೈಸೂರು ಕಡೆಯವರು, ಮೃದು ಮಾತಿನವರು. ಯಾವ ಊರು ನಮ್ಮ ಕಡೆ ಇದೆ, ಯಾರಿಗೆ ಟಿಕೆಟ್ ಕೊಟ್ಟರೆ ಗೆಲ್ಲುತ್ತೇವೆ ಎಂದು ನೋಡಿ ಹೇಳುವುದು ಅವರ ಕೆಲಸ. ಅವರನ್ನು ಸುತ್ತಾಡಿಸುವುದು ನನ್ನದು. ನಾನು ಹೇಳಿದ ಆ ದೊಡ್ಡ ಹಳ್ಳಿಗೆ ಹೋದಾಗ ನಮ್ಮ ಅಭ್ಯರ್ಥಿ ಮಲ್ಲನಗೌಡರು ಜೊತೆಗಿದ್ದರು. ಆ ಸೀಮೆಯಲ್ಲಿ ದೊಡ್ಡ ಮನೆ ಅವರದು. ನನ್ನನ್ನು ಪಕ್ಷಕ್ಕೆ ಕರೆತಂದವರೂ ಅವರೇ. ಬಸ್‌ ಸ್ಟ್ಯಾಂಡಿನಲ್ಲಿ ಕೆಲಸವಿಲ್ಲದೆ ನಿಂತಿದ್ದ ನನ್ನನ್ನು ‘ಲೇ ಸಂಗ್ಯಾ, ಬಾ ಇಲ್ಲಿ’ ಎಂದು ಕರೆದು ಕಚೇರಿಯ ಬೀಗದ ಕೈ ಕೊಡಿಸಿದವರು.

ಮೇಲಿನ ಓಣಿಯಲ್ಲಿ ನಡೆದರೆ ಕಟ್ಟೆಯ ಮೇಲೆ ಕೂತವರೆಲ್ಲ ಎದ್ದು ನಿಂತರು. ಬರ್ರಿ ಗೌಡ್ರ, ಕುಂದರ್ರಿ ಗೌಡ್ರ, ಚಾ ತಗೋರಿ. ಓಟಿನ ಮಾತು ಎತ್ತಿದರೆ ಆತ್ರಿ, ನಿಮಗ ಬಿಟ್ಟು ಮತ್ಯಾರಿಗೆ ಹಾಕೂಣ್ರಿ ಎಂದರು. ಕೆಳಗಿನ ಓಣಿಗೆ ಗೌಡರು ಬರಲಿಲ್ಲ. ಅಲ್ಲಿ ನಮ್ಮ ಪಕ್ಷದ ಕೆಲಸ ಮಾಡುತ್ತಿದ್ದವಳು ದೇವಮ್ಮ, ಗ್ರಾಮ ಪಂಚಾಯಿತಿಯ ಸದಸ್ಯೆ. ಕುರಿ ಸಾಕಣೆಯ ಮನೆಯವಳು, ದೊಡ್ಡ ದನಿ, ಚುರುಕು ಕಾಲು. ಅವಳು ನಮ್ಮನ್ನು ಓಣಿಯೊಳಗೆ ಕರೆದುಕೊಂಡು ಹೋದದ್ದೇ ತಡ, ಅವಳಿಗೆ ಬೈಗುಳದ ಮಳೆ. ನಳದ ನೀರಿಗೆ ಒಬ್ಬರು ಬೈದರು, ಪಿಂಚಣಿಗೆ ಇನ್ನೊಬ್ಬರು. ಒಬ್ಬ ಮುದುಕ ಮಾತೇ ಆಡದೆ ಅವಳನ್ನು ನೋಡಿ ಉಗುಳಿದ. ವೀಕ್ಷಕರು ನನ್ನ ತೋಳು ಹಿಡಿದುಕೊಂಡರು. ಕಾರಿನಲ್ಲಿ ಕೂತ ಮೇಲೆ, ಮೇಲಿನ ಓಣಿ ಪೂರ್ತಿ ನಮ್ಮದು, ಕೆಳಗಿನ ಓಣಿ ಕೈ ತಪ್ಪಿದೆ, ಆ ಹೆಂಗಸನ್ನು ದೂರ ಇಡಿ ಎಂದರು. ನನಗೂ ಹಾಗೇ ಕಂಡಿತ್ತು.

ಎಣಿಕೆಯಲ್ಲಿ ಆ ಎರಡು ಓಣಿಗಳ ಬೂತುಗಳು ಉಲ್ಟಾ ಬಂದವು. ಎದ್ದು ನಿಂತು ಚಹಾ ಕೊಟ್ಟ ಓಣಿ ನಮ್ಮನ್ನು ಮುಳುಗಿಸಿತು, ಉಗುಳಿದ ಓಣಿ ನಮ್ಮನ್ನು ಹಿಡಿದುಕೊಂಡಿತು. ಗೌಡರು ಸೋತರು.

ಅದಾದ ಮೇಲೆ ನಾನು ಒಬ್ಬನೇ ಆ ಊರಿಗೆ ಹೋಗಿಬರತೊಡಗಿದೆ. ಯಾರ ಅಪ್ಪಣೆಯೂ ಇರಲಿಲ್ಲ, ಕಚೇರಿಯಲ್ಲಿ ಕೆಲಸವೂ ಇರಲಿಲ್ಲ. ಸೋತ ಪಕ್ಷದ ಕಚೇರಿಗೆ ನೊಣವೂ ಬರುವುದಿಲ್ಲ. ಬಸ್ಸಿಗೆ ಹೋಗಿ, ಹೋಟೆಲಿನಲ್ಲಿ ಒಗ್ಗರಣಿ ಮಿರ್ಚಿ ತಿಂದು, ಜನ ಮಾತಾಡುವುದನ್ನು ಕೇಳುತ್ತ ಕೂರುವುದು. ಕೇಳುತ್ತ ಕೇಳುತ್ತ ಒಂದು ಸಂಗತಿ ತಲೆಗೆ ಹತ್ತಿತು. ನಮ್ಮ ಸೀಮೆಯ ಮನುಷ್ಯ ಪರರಿಗೆ ‘ರಿ’ ಹಚ್ಚುತ್ತಾನೆ. ತನ್ನವರಿಗೆ ಬೈಯುತ್ತಾನೆ. ಗಂಡ, ಮಗ, ತಮ್ಮ, ಎತ್ತು, ದೇವರು, ಎಲ್ಲರೂ ಏಕವಚನವೇ. ಬಾಗಿಲಿಗೆ ಬಂದವನಿಗೆ ‘ಇಲ್ಲ’ ಎನ್ನುವುದು ನಮ್ಮಲ್ಲಿ ಪಾಪ. ಅದಕ್ಕೇ ‘ಆತ್ರಿ’ ಎನ್ನುತ್ತಾರೆ. ಆ ‘ಆತ್ರಿ’ಗೆ ನೀವಿನ್ನು ಹೊರಡಿ ಎಂದು ಅರ್ಥ. ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಮಾತು, ನನಗೇ ಇಷ್ಟು ತಡವಾಗಿ ತಿಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಇದನ್ನು ನಮ್ಮ ಜಿಲ್ಲಾ ಅಧ್ಯಕ್ಷರಿಗೆ ಹೇಳಿದೆ. ಅವರು ಗಂಗಾವತಿಯವರು, ಅಕ್ಕಿ ಗಿರಣಿ ನಡೆಸುವವರು, ನಗುಮುಖದ ಮನುಷ್ಯ. ಹಾಗಾದರೆ ಗಂಗಾವತಿ ಕಡೆಯೂ ನೋಡಿ ಬಾ ಎಂದು ಕಳಿಸಿದರು. ಮರಳಿ ಎಂಬ ಊರಿನ ಗದ್ದೆ ಸೀಮೆಗೆ ಹೋದರೆ ಅದು ಕಾಲುವೆಗೆ ನೀರು ಬಿಟ್ಟ ಸಮಯ. ಮೇಲಿನವನು ತೂಬು ತೆರೆದರೆ ಕೆಳಗಿನವನು ಬೈಯುತ್ತಾನೆ, ಕನ್ನಡದಲ್ಲಿ ಸಾಲದೆ ಹೋದರೆ ತೆಲುಗಿನಲ್ಲಿ. ಎಲ್ಲರೂ ಎಲ್ಲರಿಗೂ ಬೈಯುತ್ತಿದ್ದರು. ನಾನು ಖುಷಿಯಾಗಿ, ಈ ಸೀಮೆಯೆಲ್ಲ ನಮ್ಮದೇ ಎಂದು ವರದಿ ಒಪ್ಪಿಸಿದೆ. ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಣಾಪುರಕ್ಕೆ ಹೋದರೆ ಅಲ್ಲಿನ ಹುಡುಗರು ಕೆರೆ ನೋಡಲು ಬಂದ ಪರದೇಶದವರಿಗೂ, ನನಗೂ, ಅವರಪ್ಪನಿಗೂ ‘ಬಾಸ್’ ಎನ್ನುತ್ತಿದ್ದರು. ಅಲ್ಲಿ ನನ್ನ ವಿದ್ಯೆ ನಡೆಯಲೇ ಇಲ್ಲ. ಪ್ರತಿ ಊರಿಗೂ ಅದರದೇ ಕಿವಿ ಬೇಕು. ಒಂದು ಊರಿನ ಅಳತೆಗೋಲನ್ನು ಇನ್ನೊಂದು ಊರಿಗೆ ಒಯ್ದು ಕೆಟ್ಟವನು ನಾನು, ನೀವು ಕೆಡಬೇಡಿ.

ಮುಂದಿನ ಚುನಾವಣೆ ಹತ್ತಿರ ಬಂತು. ಆ ಕ್ಷೇತ್ರ ಮಹಿಳೆಗೆ ಮೀಸಲಾಯಿತು. ಮಲ್ಲನಗೌಡರು ಸೊಸೆಯ ಹೆಸರು ಕಳಿಸಿದರು. ಹೆಸರು ಸೊಸೆಯದು, ಓಟು ಕೇಳುವುದು ಗೌಡರು ಎಂದು ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ಹೆಸರು ದೇವಮ್ಮನದು, ಅದನ್ನು ಸೇರಿಸಿದವನು ನಾನು. ಅಧ್ಯಕ್ಷರ ನಗು ಅಂದು ಮಾಯವಾಯಿತು. ಗೌಡರನ್ನು ಬಿಟ್ಟರೆ ಅವರು ಪಕ್ಷ ಬಿಡುತ್ತಾರೆ, ಅವರ ಹಿಂದೆ ಅರ್ಧ ತಾಲ್ಲೂಕು ಹೋಗುತ್ತದೆ. ಅವರಿಗೇ ಕೊಟ್ಟರೆ ಕ್ಷೇತ್ರ ಮತ್ತೆ ಹೋಗುತ್ತದೆ. ಎರಡನೇ ಸಲವೂ ಸೋತರೆ ಆ ಸೀಮೆಯಲ್ಲಿ ಪಕ್ಷದ ಬಾವುಟ ಕಟ್ಟಲು ಆಳು ಸಿಗುವುದಿಲ್ಲ. ಕೊನೆಗೆ ಅವರು, ಹಿತ್ತಲ ಗಿಡ ಮದ್ದಲ್ಲ ಅಂತಾರ, ನೀನು ಅದನ್ನೇ ಮದ್ದು ಅನ್ನಾಕತ್ತಿ, ಹಂಗಾದ್ರ ಗೌಡರಿಗೆ ನೀನ ಹೋಗಿ ಹೇಳು ಎಂದರು. ಮೇಲಿನವರು ಕಷ್ಟದ ಮಾತನ್ನು ಕೆಳಗಿನವರ ಬಾಯಿಂದ ಆಡಿಸುವುದು ಎಲ್ಲ ಪಕ್ಷಗಳಲ್ಲೂ ಇರುವ ಪದ್ಧತಿ.

ಬೆಳಗಿನ ಬಸ್ಸಿಗೆ ಹೋದೆ. ಇಟಗಿ ದಾಟುವವರೆಗೂ ಹೇಗೆ ಹೇಳುವುದೆಂದು ಬಾಯಲ್ಲೇ ಕಟ್ಟಿಕೊಳ್ಳುತ್ತಿದ್ದೆ, ಊರು ಬಂದಾಗ ಎಲ್ಲ ಮರೆತಿತ್ತು. ಗೌಡರ ಪಡಸಾಲೆಯಲ್ಲಿ ಅವರ ಕಡೆಯ ಜನ ತುಂಬಿದ್ದರು. ಗೌಡರು ಮಂಚದ ಮೇಲಿದ್ದರು. ‘ಬಾರಲೇ ಸಂಗ್ಯಾ, ಉಂಡಿಯೇನ’ ಎಂದರು. ಉಂಡಿರಲಿಲ್ಲ. ಉಂಡರೆ ಆ ಮಾತು ಹೇಳಲಾಗುವುದಿಲ್ಲ ಎಂದು ಹೆದರಿ, ಆಗೇತ್ರಿ ಎಂದೆ.

ಟಿಕೆಟ್ ಏನಾಯಿತು ಎಂದು ಅವರೇ ಕೇಳಿದರು. ಸುತ್ತ ಕೂತವರೆಲ್ಲ ನನ್ನ ಕಡೆ ತಿರುಗಿದರು.

“ಗೌಡ್ರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಊರಾಗ ನಿಮಗ ಕಡೀಕ ಯಾರು ಬೈದ್ರು?”

“ಏನಂದಿ?”

“ನಿಮಗ ಕಡೀಕ ಬೈದವರು ಯಾರ್ರಿ?”

ಗೌಡರು ನಕ್ಕರು. ಅವರು ನಕ್ಕರೆಂದು ಸುತ್ತಲಿನವರೂ ನಕ್ಕರು. “ನನಗ ಬೈಯಾಂವ ಈ ಊರಾಗ ಇನ್ನೂ ಹುಟ್ಟಿಲ್ಲೋ.”

“ಅದಕ್ಕರೀ ಸೋತ್ವಿ,” ಎಂದೆ.

ನಗು ನಿಂತಿತು. ಒಬ್ಬನು ಎದ್ದು ನನ್ನ ಕಡೆಗೆ ಬಂದ, ಗೌಡರು ಕಣ್ಣಲ್ಲೇ ಅವನನ್ನು ಕೂರಿಸಿದರು. ಕೆಲಸ ಹೋದರೆ ಹೋಗಲಿ ಎನ್ನುವ ಧೈರ್ಯವೇನೂ ನನಗಿರಲಿಲ್ಲ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ಆದರೂ ಬಾಯಿ ಬಿಟ್ಟಾಗಿತ್ತು, ಉಳಿದದ್ದನ್ನೂ ಹೇಳಿದೆ. ಮೇಲಿನ ಓಣಿಯ ಬೂತು, ಕೆಳಗಿನ ಓಣಿಯ ಬೂತು, ‘ಆತ್ರಿ’ ಎನ್ನುವ ಮಾತಿನ ಅರ್ಥ, ಎಲ್ಲ. ಗೌಡರು ಮುಖ ಕೆಂಪಗೆ ಮಾಡಿಕೊಂಡು ಕೇಳಿದರು. ನಾನು ಮುಗಿಸಿದ ಮೇಲೆ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದರು. “ನಡಿ,” ಎಂದರು, “ತೋರ್ಸು. ನೀವ್ಯಾರೂ ಬರಬ್ಯಾಡ್ರಿ.”

ಇಬ್ಬರೇ ಕೆಳಗಿನ ಓಣಿಗೆ ಇಳಿದೆವು. ಗೌಡರು ಆ ಓಣಿಗೆ ನಡೆದುಕೊಂಡು ಬಂದದ್ದನ್ನು ನಾನಂತೂ ನೋಡಿರಲಿಲ್ಲ. ನಮ್ಮನ್ನು ಕಂಡ ಹೆಂಗಸರು ಸೆರಗು ಹೊದ್ದುಕೊಂಡು ಬಾಗಿಲ ಹಿಂದೆ ಸರಿದರು. ಗಂಡಸರು ಬೀಡಿ ಮುಚ್ಚಿಟ್ಟರು. ಬರ್ರಿ ಗೌಡ್ರ, ಬರ್ರಿ. ಓಣಿಯ ನಡುವೆ ಸಂಕ್ರವ್ವನ ಮನೆ. ಸಂಕ್ರವ್ವ ಆ ಓಣಿಯ ಹಿರಿಯಳು, ಗಂಡನಿಲ್ಲದೆ ಹೊಲ ನಡೆಸಿದವಳು. ಅವಳ ಬಾಯಿಗೆ ಊರೇ ಹೆದರುತ್ತಿತ್ತು. ಗೌಡರನ್ನು ಕಂಡು ಅವಳೂ ಎದ್ದು ನಿಂತಳು. ಕಂಬಳಿ ಹಾಸಿದಳು. ಒಳಗಿನಿಂದ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ಚರಿಗೆಯಲ್ಲಿ ನೀರು ತಂದಳು.

ಗೌಡರು ಸೊಸೆಯ ಹೆಸರು ಹೇಳಿ, ಓಟಿಗೆ ನಿಲ್ಲಿಸಬೇಕಂತ ಮಾಡೀನಿ, ಏನಂತಿ ಎಂದು ಕೇಳಿದರು.

“ನಿಲ್ಲಸ್ರಿ ಗೌಡ್ರ. ಆತ್ರಿ. ನಿಮ್ಮ ಮಾತ ಎಂದಾರ ಮೀರೀವೇನ್ರಿ?”

ಗೌಡರು ನನ್ನ ಕಡೆ ನೋಡಿದರು. ಅವರ ಕಣ್ಣಲ್ಲಿ ಗೆದ್ದ ಭಾವವಿತ್ತು. ಅಷ್ಟರಲ್ಲಿ ದೇವಮ್ಮ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತುಕೊಂಡು ಆ ಕಡೆಯಿಂದ ಬಂದಳು. ನಾನು ಅವಳಿಗೆ ಹೇಳಿ ಕಳಿಸಿರಲಿಲ್ಲ, ಇದನ್ನು ಗೌಡರು ಕೊನೆಯವರೆಗೂ ನಂಬಲಿಲ್ಲ. ಅವಳನ್ನು ಕಂಡದ್ದೇ ಸಂಕ್ರವ್ವನ ತಲೆಯ ಮೇಲಿನ ಸೆರಗು ಜಾರಿತು.

“ಎಲ್ಲಿ ಹಾಳಾಗಿ ಹೋಗಿದ್ದೆಲೇ ಮೂಳಿ? ನಳದಾಗ ನೀರು ಬಂದು ಎಷ್ಟ ದಿನ ಆತು, ಖಬರ ಐತೇನು ನಿನಗ? ಓಟ ಹಾಕಿ ಕಳಿಸಿದ್ದು ಹುಲ್ಲು ಹೊರಾಕೇನ? ನಿನ್ನ ಬಾಯಾಗ ಮಣ್ಣ ಹಾಕ್ಲಿ.”

ದೇವಮ್ಮ ಹೊರೆ ಇಳಿಸಲೂ ಇಲ್ಲ. ಮೋಟಾರು ಸುಟ್ಟಿದೆ, ಯಲಬುರ್ಗಾಕ್ಕೆ ರಿಪೇರಿಗೆ ಕಳಿಸಿದ್ದೇನೆ, ನಾಳೆ ಬರುತ್ತದೆ, ಅಷ್ಟರಲ್ಲಿ ಸತ್ತೇನೂ ಹೋಗುವುದಿಲ್ಲ ನೀನು ಎಂದು ಅಷ್ಟೇ ಜೋರಾಗಿ ತಿರುಗಿ ಬೈದಳು. ಆಮೇಲೆ ಗೌಡರನ್ನು ಕಂಡು ನಾಲಗೆ ಕಚ್ಚಿಕೊಂಡು ಮುಂದೆ ಹೋದಳು. ಸಂಕ್ರವ್ವ ಸೆರಗು ಸರಿಮಾಡಿಕೊಂಡು ನಮ್ಮ ಕಡೆ ತಿರುಗಿ, ತಣ್ಣಗೆ, ಇನ್ನೊಂದೀಟು ನೀರು ಕೊಡ್ಲೇನ್ರಿ ಎಂದಳು.

ಒಂದೇ ಬಾಯಿ, ಎರಡು ನಾಲಗೆ. ಗೌಡರು ಚರಿಗೆಯನ್ನು ಕೈಯಲ್ಲಿ ಹಿಡಿದೇ ಕೂತರು. ಅವರು ದಡ್ಡರಲ್ಲ. ದೊಡ್ಡ ಮನೆಯ ಗೋಡೆ ದಪ್ಪ, ಹೊರಗಿನ ಸದ್ದು ಒಳಗೆ ಕೇಳುವುದಿಲ್ಲ, ಅಷ್ಟೇ. ಹಿಂತಿರುಗುವಾಗ ಓಣಿಯ ತಿರುವಿನಲ್ಲಿ ನಿಂತು ಹೇಳಿದರು: “ನನಗ ಬೆಳಗಿದ ಚರಗಿ ಕೊಟ್ಟಳು. ಓಟು ಅಕೀಗೆ ಕೊಟ್ಟಳು.”

ಆ ವಾರವೇ ಅವರು ಅಧ್ಯಕ್ಷರಿಗೆ ಫೋನು ಮಾಡಿ ಸೊಸೆಯ ಹೆಸರು ವಾಪಸು ತೆಗೆದುಕೊಂಡರು. ಪಕ್ಷ ಬಿಡಲಿಲ್ಲ. ದೇವಮ್ಮನ ವಿರುದ್ಧ ಕೆಲಸವನ್ನೂ ಮಾಡಲಿಲ್ಲ. ದೇವಮ್ಮ ಗೆದ್ದಳು. ಕಚೇರಿಯಲ್ಲಿ ಬಹಳ ದಿನದ ಮೇಲೆ ಪಟಾಕಿ ಹಾರಿತು.

ಗೌಡರು ಅಂದು ಕಚೇರಿಗೆ ಬಂದರು. ನಾನು ಓಡಿಹೋಗಿ ಕುರ್ಚಿ ಹಾಕಿದೆ. ಅವರು ಕೂತು, ನನ್ನ ಮುಖ ನೋಡಿ, “ಆರಾಮ ಅದೀರೇನ್ರಿ ಸಂಗಣ್ಣಾರ?” ಎಂದರು. ಸಂಗ್ಯಾ ಎನ್ನಲಿಲ್ಲ. ಅಂದಿನಿಂದ ಎಂದೂ ಎನ್ನಲಿಲ್ಲ. ಅವರು ತೀರಿಕೊಳ್ಳುವ ಮುಂಚೆ ಹುಬ್ಬಳ್ಳಿಯ ಆಸ್ಪತ್ರೆಗೆ ನೋಡಲು ಹೋಗಿದ್ದೆ. ಮಲಗಿದ್ದಲ್ಲಿಂದಲೇ ಕೈ ಎತ್ತಿ, ಬರ್ರಿ ಸಂಗಣ್ಣಾರ, ಕುಂದರ್ರಿ ಎಂದರು. ಒಂದು ಸಲ ಲೇ ಎನ್ನಲಿ, ಒಂದು ಸಲ ಬೈಯಲಿ ಎಂದು ಕಾಯುತ್ತ ಕೂತೆ. ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಅತ್ತೆ. ನನ್ನ ಇಡೀ ನೌಕರಿಯಲ್ಲಿ ನಾನು ತೆತ್ತ ಬೆಲೆ ಅದೊಂದೇ, ಆದರೆ ಸಣ್ಣದಲ್ಲ. ಸರಿಯಾದ ಮಾತು ಹೇಳಿದವನನ್ನು ಜನ ಗೌರವಿಸುತ್ತಾರೆ ಎಂದು ನಿಮಗೆ ಯಾರಾದರೂ ಹೇಳಿದರೆ, ಹೌದು, ಗೌರವಿಸುತ್ತಾರೆ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಈಗ ಬೆಂಗಳೂರಿನಿಂದ ಯಾರೋ ಫೋನು ಮಾಡುತ್ತಾರೆ. ಈ ಅಭ್ಯರ್ಥಿಯಾದರೆ ಒಂದನ್ನು ಒತ್ತಿ, ಆ ಅಭ್ಯರ್ಥಿಯಾದರೆ ಎರಡನ್ನು ಒತ್ತಿ. ನನ್ನ ಹೆಂಡತಿ ಗ್ಯಾಸಿನವರ ಫೋನೆಂದು ತಿಳಿದು ಒಂದನ್ನು ಒತ್ತಿದಳು. ಅದೂ ಒಂದು ಅಭಿಪ್ರಾಯವಾಗಿ ಎಲ್ಲೋ ಸೇರಿಹೋಯಿತು. ಊರಿಗೊಂದು ವಾಟ್ಸಾಪ್ ಗುಂಪು ಮಾಡಿದ್ದೀರಿ, ಒಳ್ಳೆಯದೇ. ನಾಯಕರ ಫೋಟೋ ಹಾಕಿದರೆ ಎಲ್ಲರೂ ಕೈ ಮುಗಿದ ಚಿತ್ರ ಕಳಿಸುತ್ತಾರೆ. ಬೈದವನನ್ನು ನೀವು ಗುಂಪಿನಿಂದ ತೆಗೆದುಹಾಕುತ್ತೀರಿ. ಮೊನ್ನೆ ಮನೆಗೆ ಬಂದ ಹುಡುಗರಲ್ಲಿ ಒಬ್ಬ ಅದನ್ನು ಹೆಮ್ಮೆಯಿಂದಲೇ ಹೇಳಿದ. ಅವನಿಗೆ ಎರಡು ಬಿಗಿಯಬೇಕೆಂದು ಆ ಕ್ಷಣ ನನಗನಿಸಿತು. ತೆಗೆದುಹಾಕಿದವರ ಮನೆಗೇ ಮೊದಲು ಹೋಗು ಎಂದಷ್ಟೇ ಹೇಳಿದೆ.

ದೇವಮ್ಮನ ವಿಷಯವನ್ನು ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ನಿಮಗೆ ಬೇಕಾದದ್ದು ಮುಂದಿನದು.

ಅವಳು ಕೆಟ್ಟ ಕೆಲಸ ಮಾಡಲಿಲ್ಲ. ಶಾಲೆಗೆ ಕೋಣೆ ತಂದಳು, ಓಣಿಗೆ ಸಿಮೆಂಟಿನ ರಸ್ತೆ ತಂದಳು. ಕೊಪ್ಪಳದ ಸಭೆಗಳಿಗೆ ಓಡಾಡಲು ಒಂದು ಹಳೆಯ ಜೀಪು ತೆಗೆದುಕೊಂಡಳು. ಮಕ್ಕಳ ಓದಿಗೆಂದು ಯಲಬುರ್ಗಾದಲ್ಲಿ ಮನೆ ಮಾಡಿದಳು. ಇದರಲ್ಲಿ ತಪ್ಪೇನಿದೆ? ಅವಧಿ ಮುಗಿಯಿತು. ಜಿಲ್ಲಾ ಪಂಚಾಯಿತಿ ಚುನಾವಣೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತ ಮುಂದಕ್ಕೆ ಹೋಗುತ್ತಲೇ ಇದೆ. ನಡುವೆ ವಿಧಾನಸಭೆಯ ಚುನಾವಣೆಯಲ್ಲಿ ನಮ್ಮ ಪಕ್ಷ ಮತ್ತೊಮ್ಮೆ ಜಿಲ್ಲೆಯಲ್ಲಿ ಸೋತಿತು. ಆ ಊರಿನ ಕೆಳಗಿನ ಓಣಿಯ ಬೂತೂ ಈ ಸಲ ನಮ್ಮ ಕೈ ಬಿಟ್ಟಿತು. ಕಚೇರಿಯ ಹುಡುಗರು ಮುಂದಿನ ಟಿಕೆಟಿಗೆ ದೇವಮ್ಮನ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಗೆದ್ದವಳು, ಕೆಲಸ ಮಾಡಿದವಳು, ಎಲ್ಲರೂ ಮರ್ಯಾದೆ ಕೊಡುತ್ತಾರೆ ಎನ್ನುತ್ತಾರೆ. ಆ ಕೊನೆಯ ಮಾತಿಗೇ ನಾನು ಹೆದರಿದ್ದು.

ಹೋದ ತಿಂಗಳು ದೇವಮ್ಮನೇ ನನ್ನ ಮನೆಗೆ ಬಂದಳು. ಬಾಗಿಲಲ್ಲೇ ನಿಂತು, ಅಣ್ಣಾರ, ನನ್ನ ಕೂಡ ಒಂದ ಸಲ ಊರಿಗೆ ಬರ್ರಿ ಎಂದಳು. ಯಾಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಿಂದೊಮ್ಮೆ ಗೌಡರನ್ನು ನಾನು ಯಾಕೆ ಆ ಓಣಿಗೆ ಕರೆದೊಯ್ದಿದ್ದೆ ಎಂಬುದು ಅವಳಿಗೆ ಗೊತ್ತಿತ್ತು.

ಜೀಪನ್ನು ಊರಬಾಗಿಲ ಅಗಸಿಯ ಹೊರಗೇ ನಿಲ್ಲಿಸಿದಳು. ಅವಳು ತಂದ ಸಿಮೆಂಟು ರಸ್ತೆಯ ಮೇಲೆ ನಡೆದೆವು. ಮೊದಲನೆಯ ಮನೆಯ ಕಟ್ಟೆಯಲ್ಲಿ ಕೂತ ಗಂಡಸರು ಎದ್ದು ನಿಂತರು. ಬರ್ರಿ ಮೇಡಮ್ಮಾರ. ದೇವಮ್ಮನ ನಡಿಗೆ ನಿಧಾನವಾಯಿತು. ಎರಡನೆಯ ಮನೆಯಲ್ಲೂ ಅದೇ. ಅವಳ ಜೊತೆಗೆ ಕುರಿ ಕಾಯ್ದ ಗೆಳತಿಯೊಬ್ಬಳು ಬಾಗಿಲಿಗೆ ಬಂದು, ಚಾ ಮಾಡ್ಲೇನ್ರಿ ಎಂದು ಕೇಳಿದಳು. ದೇವಮ್ಮ ನನ್ನ ಕಡೆ ನೋಡಲಿಲ್ಲ.

ಸಂಕ್ರವ್ವ ಈಗ ಬಹಳ ಮುದುಕಿ. ಅಂಗಳದಲ್ಲಿ ಕೂತು ಮುಂದೆ ಶೇಂಗಾ ರಾಶಿ ಹಾಕಿಕೊಂಡು ಸುಲಿಯುತ್ತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ದೇವಮ್ಮನ ಗುರುತು ಹತ್ತಿದ ಮೇಲೆ, ನೆಲಕ್ಕೆ ಕೈಯೂರಿ ಏಳಲು ಹೋದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು.

“ಬರ್ರಿ,” ಎಂದಳು. “ಕಂಬಳಿ ಹಾಸ್ಲೇನ್ರಿ?”

ದೇವಮ್ಮ ಅಲ್ಲೇ ಬರಿ ನೆಲದ ಮೇಲೆ ಕೂತುಬಿಟ್ಟಳು. “ಯವ್ವಾ,” ಎಂದಳು, “ನಾ ದೇವೀನವ್ವಾ. ಒಂದ ಸಲ ಬೈಯವ್ವಾ ನನಗ.”

ಮುದುಕಿ ಅವಳನ್ನು ನೋಡಿದಳು. ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ನಾನು ಗೋಡೆಗೆ ಒರಗಿ ನಿಂತಿದ್ದೆ. ಗೌಡರು ಚರಿಗೆ ಹಿಡಿದು ಕೂತ ಜಾಗ ಅದೇ.

“ಬಾಯಿ ಬರವಲ್ದುರಿ,” ಎಂದಳು ಸಂಕ್ರವ್ವ. ಅದರಲ್ಲಿ ಸಿಟ್ಟಿರಲಿಲ್ಲ, ಕುಚೋದ್ಯವೂ ಇರಲಿಲ್ಲ. ಬರದ ಮಾತನ್ನು ಬರುವುದಿಲ್ಲ ಎಂದಳು, ಅಷ್ಟೇ.

ದೇವಮ್ಮ ಏಳುತ್ತಾಳೆ ಎಂದುಕೊಂಡೆ. ಅವಳು ಏಳಲಿಲ್ಲ. ಸೀರೆಯ ನೆರಿಗೆ ಮೊಣಕಾಲಿಗೆ ಸಿಕ್ಕಿಸಿಕೊಂಡು ರಾಶಿಗೆ ಕೈ ಹಾಕಿ ಶೇಂಗಾ ಸುಲಿಯತೊಡಗಿದಳು. ಓಣಿಯ ಜನ ದೂರ ನಿಂತು ನೋಡಿ, ಆಮೇಲೆ ಬೇಸರವಾಗಿ ತಮ್ಮ ತಮ್ಮ ಕೆಲಸಕ್ಕೆ ಹೋದರು. ನೆರಳು ಸರಿದು ಬಿಸಿಲು ಅವಳ ಬೆನ್ನ ಮೇಲೆ ಬಂತು. ನನಗೆ ಬಸ್ಸಿನ ಹೊತ್ತಾಗುತ್ತಿತ್ತು, ಕಾಲೂ ನೋಯುತ್ತಿತ್ತು, ಆದರೆ ಹೊರಡುತ್ತೇನೆ ಎನ್ನಲು ಧೈರ್ಯ ಬರಲಿಲ್ಲ. ಹೀಗೆ ಕೂತರೆ ಏನಾಗುತ್ತದೆ, ಹಾಳಾದ ಮರ್ಯಾದೆ, ಇದನ್ನು ತಂದುಕೊಂಡದ್ದು ನಾವೇ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ದೇವಮ್ಮನಿಗೆ ಅಭ್ಯಾಸ ತಪ್ಪಿತ್ತು. ಅವಳ ಬೆರಳಿನಲ್ಲಿ ಕಾಳು ಎರಡು ಹೋಳಾಗಿ ಒಡೆಯುತ್ತಿದ್ದವು. ಸಂಕ್ರವ್ವ ಅದನ್ನು ಓರೆಗಣ್ಣಿನಿಂದ ನೋಡುತ್ತಿದ್ದಳು, ಒಂದು ಸಲ ಬಾಯಿ ತೆರೆದು ಮುಚ್ಚಿದಳು. ಮತ್ತೆ ಒಂದು ಕಾಳು ಒಡೆಯಿತು. ಮುದುಕಿ ಫಟ್ಟನೆ ದೇವಮ್ಮನ ಕೈ ಮೇಲೆ ಹೊಡೆದಳು.

“ಬೀಜಕ್ಕಿಟ್ಟದ್ದಲೇ ಅದು. ಒಡದರ ಹುಟ್ಟತೈತೇನು? ಕುರಿ ಕಾಯಾಕಿ, ಅಷ್ಟೂ ತಿಳೀದೇನು ನಿನಗ?”

ದೇವಮ್ಮ ತಲೆ ತಗ್ಗಿಸಿದಳು. “ಇಲ್ಲಬೇ,” ಎಂದಳು, “ಮರತೀನಿ.”

“ಮರತಾಳಂತ. ಸರಕೋ, ಬಿಸಲು ಬಡೀತೈತಿ.”

ಒಂದು ಬೈಗುಳಕ್ಕೆ ಕ್ಷೇತ್ರ ಬರುವುದಿಲ್ಲ, ನನಗೂ ಗೊತ್ತು. ಟಿಕೆಟ್ ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವರು ಈಗ ನೀವು. ದೇವಮ್ಮ ಯಲಬುರ್ಗಾದ ಮನೆ ಬಿಟ್ಟಿಲ್ಲ, ಆದರೆ ವಾರಕ್ಕೊಮ್ಮೆ ಜೀಪಿಲ್ಲದೆ ಬಸ್ಸಿಗೆ ಆ ಊರಿಗೆ ಹೋಗುತ್ತಿದ್ದಾಳೆ ಎಂದು ಕೇಳಿದ್ದೇನೆ. ಅವಳಿಗೆ ಕೊಡಿ ಎಂದು ನಾನು ಹೇಳುವುದಿಲ್ಲ. ಚುನಾವಣೆಯ ದಿನ ಗೊತ್ತಾಗುವ ಮೊದಲು ನಿಮ್ಮಲ್ಲೊಬ್ಬರು ಕೆಳಗಿನ ಓಣಿಗೆ ಹೋಗಿ ಗೋಡೆಗೆ ಒರಗಿ ನಿಂತು ಕೇಳಿ, ಅವಳನ್ನು ಅವರು ಏನೆಂದು ಕರೆಯುತ್ತಾರೆ ಎಂದು.

ಅಂದು ನಾನು ಹೊರಟಾಗ ಸಂಕ್ರವ್ವ ಏಳಲಿಲ್ಲ. ಅವರಿಬ್ಬರೂ ರಾಶಿಯ ಮೇಲೆ ಬಾಗಿದ್ದರು. ನಾನು ಅಂಗಳ ದಾಟುವಾಗ ಮುದುಕಿ ತಲೆ ಎತ್ತಿ, “ಹೋಗಿಬರ್ರಿ ಸಾಹೇಬ್ರ,” ಎಂದಳು. ಆತ್ರಿ ಎಂದು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ.